ಘಾಟಿಯಲ್ಲಿ ನಿಲ್ಲುತ್ತಿದ್ದ ಗಾಡಿ

ಪೂರ್ತಿಯಾಗಿ ಕೆಟ್ಟುನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಮುರಿದ ಭಾಗ ಮುರಿದೇ ಇರುತ್ತದೆ. ತಾಳ್ಮೆಯಿಂದ ಹುಡುಕುವವನ ಕೈಗೆ ಅದು ಸಿಕ್ಕೇ ಸಿಕ್ಕುತ್ತದೆ. ಒಂದು ಗಳಿಗೆ ಕೆಟ್ಟು, ಮರುಗಳಿಗೆ ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗುವ ಯಂತ್ರದ ಮಾತು ಬೇರೆ. ವೈದ್ಯರ ಮನೆಯ ಹೊಸ್ತಿಲು ದಾಟಿದೊಡನೆ ನೋವು ಮಾಯವಾಗುವ ರೋಗಿಯಂತೆ ಅದು ಪರೀಕ್ಷಕನ ಮುಂದೆ ನಿಂತಾಗಲೆಲ್ಲ ಆರೋಗ್ಯದಿಂದಿರುತ್ತದೆ. ಅಂತಹ ಒಂದು ಗಾಡಿಯ ವೃತ್ತಾಂತವನ್ನು ವಾಚಕರಿಗೆ ಹೇಳಹೊರಟಿದ್ದೇನೆ.

ಮೂಡಿಗೆರೆಯ ನಮ್ಮ ಬೀದಿಯಲ್ಲಿರುವ ಚಾಲಕರೊಬ್ಬರ ಬಳಿ ಇಪ್ಪತ್ತು ವರ್ಷ ದಾಟಿದ ಡೀಸೆಲ್ ಪಿಕಪ್ ಒಂದಿದೆ. ನಸುಕಿಗೆ ಮುಂಚೆ ತರಕಾರಿ ಹೇರಿಕೊಂಡು ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗುವುದು, ಅಲ್ಲಿಂದ ಮಂಜುಗಡ್ಡೆಯಲ್ಲಿಟ್ಟ ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು ಅದೇ ಘಾಟಿಯನ್ನು ಹತ್ತಿ ಬರುವುದು—ಇದು ಅವರ ಜೀವನೋಪಾಯ. ಗಾಡಿ ಇಳಿಯುವಾಗ ಎಂದೂ ತೊಂದರೆ ಕೊಟ್ಟುದಿಲ್ಲ. ಹತ್ತುವಾಗ, ಅದೂ ಕೆಲವು ದಿನ ಮಾತ್ರ, ತಿರುವಿನ ಏರಿನಲ್ಲಿ ಎಂಜಿನ್ನು ಮೊದಲು ಕೆಮ್ಮುತ್ತಿತ್ತು, ಬಲಗುಂದುತ್ತಿತ್ತು, ಬಳಿಕ ನಿಂತೇಬಿಡುತ್ತಿತ್ತು. ಬಾನೆಟ್ಟು ತೆರೆದು ಕೈಪಂಪನ್ನು ಇಪ್ಪತ್ತು ಮೂವತ್ತು ಸಲ ಒತ್ತಿದರೆ ಮತ್ತೆ ಹೊರಡುತ್ತಿತ್ತು. ಹಾಗೆ ನಿಂತಾಗ ನಷ್ಟವಾಗುತ್ತಿದ್ದುದು ಕಾಲವೊಂದೇ ಅಲ್ಲ. ಇಂತಹ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪು ಎಂಜಿನ್ನಿನಿಂದಲೇ ತಿರುಗುತ್ತದೆ. ಎಂಜಿನ್ನು ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೆನ್ನ ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ, ಗಾಡಿಯೊಳಗೆ ಕರಗುತ್ತಿರುವ ಮಂಜುಗಡ್ಡೆ. ಆ ಮನುಷ್ಯನ ಸ್ಥಿತಿಯನ್ನು ಊಹಿಸಿಕೊಳ್ಳಿ.

ನನ್ನ ಬಳಿಗೆ ಬರುವಷ್ಟರಲ್ಲಿ ಅವರು ಮೂರು ಸಲ ಫಿಲ್ಟರನ್ನೂ, ಒಮ್ಮೆ ಫೀಡ್ ಪಂಪನ್ನೂ, ರಬ್ಬರಿನ ಕೊಳವೆಗಳನ್ನೆಲ್ಲ ಒಂದೊಂದಾಗಿಯೂ ಬದಲಾಯಿಸಿದ್ದರು. ಇನ್ನು ಉಳಿದಿರುವುದು ಇಂಜೆಕ್ಷನ್ ಪಂಪೇ, ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸಬೇಕು ಎಂದು ಒಂದು ಗ್ಯಾರೇಜಿನವರು ಹೇಳಿದ್ದರು. ಅವರು ಕೇಳಿದ್ದ ಹಣಕ್ಕೆ ಸಾಲವನ್ನೇ ಮಾಡಬೇಕಾಗಿತ್ತು. ಸಾಲ ಮಾಡುವುದೋ ಗಾಡಿಯನ್ನು ಮಾರುವುದೋ ಎಂಬ ಯೋಚನೆಯಲ್ಲಿದ್ದಾಗ, ಭೌತಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಇದೂ ಗೊತ್ತಿದ್ದೀತು ಎಂದು ಯಾರೋ ಅವರಿಗೆ ಹೇಳಿದರಂತೆ.

ಗಾಡಿಯ ಹತ್ತಿರ ಹೋಗುವ ಮೊದಲು ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಪಯಣ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇಲ್ಲಿ ವಿದ್ಯುತ್ ಕಿಡಿಯಿಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಆ ಕ್ಷಣದಲ್ಲಿ ನಾಜಲಿನಿಂದ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಅಷ್ಟು ಒತ್ತಡದ ಗಾಳಿಯೊಳಕ್ಕೆ ಎಣ್ಣೆಯನ್ನು ನುಗ್ಗಿಸುವುದು ಹೇಗೆ? ರುಡಾಲ್ಫ್ ಡೀಸೆಲ್ ತನ್ನ ಯೋಜನೆಗೆ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದಾಗ, ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದಲೇ ಎಣ್ಣೆಯನ್ನು ಊದಿಸುತ್ತಿದ್ದನು. ಅದಕ್ಕೆ ಬೇಕಾದ ಭಾರವಾದ ಸಂಕೋಚಕವನ್ನು ಹೊತ್ತು ಗಾಡಿ ಓಡುವುದು ಸುಲಭವಿರಲಿಲ್ಲ. ಗಾಳಿಯ ಹಂಗಿಲ್ಲದೆ ಎಣ್ಣೆಯನ್ನಷ್ಟೇ ಅದುಮಿ ಚಿಮ್ಮಿಸುವ ಪಂಪನ್ನು ರಾಬರ್ಟ್ ಬಾಷ್ ಸಂಸ್ಥೆ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಬಳಿಕ ಡೀಸೆಲ್ ಎಂಜಿನ್ನು ರಸ್ತೆಗಳಲ್ಲಿ ವ್ಯಾಪಕವಾಯಿತು. ನಮ್ಮಲ್ಲಿ 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಇಂತಹ ಪಂಪುಗಳನ್ನು ದಶಕಗಳ ಕಾಲ ತಯಾರಿಸಿತು. ಹಳೆಯ ಮೆಕ್ಯಾನಿಕರ ಬಾಯಲ್ಲಿ ಇಂದಿಗೂ ಅದು ‘ಮೈಕೋ ಪಂಪು’.

ಈ ಪಂಪಿನ ಕೆಲಸದ ನಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಾಲ್ಕು ಸಿಲಿಂಡರುಗಳ ಎಂಜಿನ್ನೊಂದು ನಿಮಿಷಕ್ಕೆ 2000 ಸಲ ಸುತ್ತುತ್ತ, ಗಂಟೆಗೆ 10 ಲೀಟರ್ ಡೀಸೆಲನ್ನು ಉರಿಸುತ್ತಿದೆ ಎನ್ನಿ. ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಇಂಧನ ಬೇಕು. ಗಂಟೆಗೆ ಒಟ್ಟು 2,40,000 ಸಿಂಪಡಿಕೆಗಳು. ಒಂದೊಂದರ ಪಾಲಿಗೆ ಬರುವುದು ಸುಮಾರು 42 ಘನ ಮಿಲಿಮೀಟರ್, ಎಂದರೆ ಒಂದು ಹನಿಗಿಂತಲೂ ಕಡಿಮೆ. ಈ ಹನಿಯನ್ನು ಪಂಪಿನ ದಂಡವು ನೂರೈವತ್ತು ಇನ್ನೂರು ವಾಯುಮಂಡಲಗಳಷ್ಟು ಒತ್ತಿದಾಗ ಮಾತ್ರ ನಾಜಲಿನ ಬಾಯಿ ತೆರೆಯುತ್ತದೆ. ಅಷ್ಟು ಒತ್ತಿದರೂ ಡೀಸೆಲು ಕುಗ್ಗುವುದು ನೂರಕ್ಕೆ ಒಂದು ಭಾಗದಷ್ಟು. ಆದುದರಿಂದಲೇ ದಂಡದ ತಳ್ಳುವಿಕೆ ನಷ್ಟವಿಲ್ಲದೆ ನಾಜಲನ್ನು ಮುಟ್ಟುತ್ತದೆ. ಅದೇ ಹನಿಯ ಜಾಗದಲ್ಲಿ ಒಂದು ಗಾಳಿಗುಳ್ಳೆ ಬಂದು ಕುಳಿತರೆ? ಬಾಯ್ಲನ ನಿಯಮವನ್ನು ನೆನೆಯಿರಿ. ಗುಳ್ಳೆ ನೂರೈವತ್ತರಲ್ಲೊಂದು ಪಾಲಿಗೆ ಕುಗ್ಗಲು ಸಿದ್ಧವಿದೆ. ದಂಡದ ಶ್ರಮವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ದಂಡ ಹಿಂದೆ ಸರಿದಾಗ ಗುಳ್ಳೆ ಸ್ಪ್ರಿಂಗಿನಂತೆ ಹಿಗ್ಗುತ್ತದೆ. ನಾಜಲು ತೆರೆಯುವುದೇ ಇಲ್ಲ. ಒಮ್ಮೆ ಎಣ್ಣೆಯನ್ನು ಹೊತ್ತು ತರುತ್ತಿದ್ದ ಗಾಳಿ ಈಗ ಎಣ್ಣೆಯ ಹಾದಿಗೆ ಅಡ್ಡಗಾಲಾಯಿತು.

ಕೈಪಂಪು ಒತ್ತಿ ಗಾಳಿಯ ತಿರುಪನ್ನು ಸಡಿಲಿಸಿದಾಗ ನೊರೆನೊರೆಯಾದ ಡೀಸೆಲ್ ಬರುತ್ತಿತ್ತೆಂದು ನಮ್ಮ ಚಾಲಕರು ಹೇಳಿದರು. ಗಾಳಿ ಸೇರುತ್ತಿದೆಯೆಂಬುದು ಇದರಿಂದ ಖಚಿತ. ಆದರೆ ಎಲ್ಲಿಂದ? ಗಾಡಿಯ ಅಡಿಯಲ್ಲಿ ಎಲ್ಲಿಯೂ ಒಂದು ತೊಟ್ಟು ಡೀಸೆಲ್ ಸೋರಿರಲಿಲ್ಲ. ಅನೇಕರು ಎಡವುವುದು ಇಲ್ಲಿಯೇ. ಟ್ಯಾಂಕು ಕೆಳಗಿದೆ, ಫೀಡ್ ಪಂಪು ಮೇಲಿದೆ. ಎಂಜಿನ್ನು ನಡೆಯುವಾಗ ನಡುವಣ ಕೊಳವೆಯೊಳಗಿನ ಒತ್ತಡ ಹೊರಗಿನ ವಾಯುಮಂಡಲಕ್ಕಿಂತ ಕಡಿಮೆ. ಅಲ್ಲಿ ರಂಧ್ರವಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆಯಾದ ಜಾಗವನ್ನು ಹುಡುಕುವವನಿಗೆ ಅದು ಎಂದಿಗೂ ಸಿಕ್ಕದು.

ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ, ನಿಲ್ಲದ ದಿನಗಳಿಗೂ ನಿಲ್ಲುವ ದಿನಗಳಿಗೂ ಏನು ವ್ಯತ್ಯಾಸ ಎಂಬುದು.

“ಟ್ಯಾಂಕು ತುಂಬಿದ್ದರೆ ಏನೂ ಆಗಲ್ಲ ಮೇಷ್ಟ್ರೇ. ಅರ್ಧಕ್ಕೆ ಇಳಿದ ಮೇಲೆಯೇ ಈ ಕಾಟ. ಎಲ್ಲರಿಗೂ ಹೇಳಿದೆ. ಹಾಗಾದರೆ ತುಂಬಿಸಿಕೊಂಡೇ ಓಡಿಸು ಅಂದರು.”

“ಗ್ಯಾರೇಜಿಗೆ ಹೋಗುವಾಗ ಟ್ಯಾಂಕಿನಲ್ಲಿ ಎಷ್ಟಿರುತ್ತಿತ್ತು?”

“ತುಂಬಿಸಿಕೊಂಡೇ ಹೋಗ್ತಿದ್ದೆ. ದಾರಿಯಲ್ಲಿ ನಿಂತುಹೋದರೆ ಏನು ಮಾಡಲಿ?”

ಮೆಕ್ಯಾನಿಕರನ್ನು ನಾನು ಹಳಿಯುವುದಿಲ್ಲ. ಅವರು ಪರೀಕ್ಷಿಸಿದಾಗಲೆಲ್ಲ ಟ್ಯಾಂಕು ತುಂಬಿತ್ತು, ಗಾಡಿ ಸಮನೆಲದಲ್ಲಿ ನಿಂತಿತ್ತು. ರೋಗವನ್ನು ಮನೆಯಲ್ಲಿ ಬಿಟ್ಟು ರೋಗಿಯನ್ನು ಮಾತ್ರ ಅವರ ಬಳಿಗೆ ಕರೆದೊಯ್ದಂತಾಗಿತ್ತು. ಇನ್ನು ಪ್ರತಿದಿನ ಟ್ಯಾಂಕು ತುಂಬಿಸುವುದು, ಅಂದಂದಿನ ಬಾಡಿಗೆಯಲ್ಲಿ ಅಂದಂದಿನ ಡೀಸೆಲ್ ಹಾಕಿಸುವವನಿಗೆ ಸುಲಭವಾದ ಸಲಹೆಯಲ್ಲ.

ಮರುದಿನ ನಾವು ಟ್ಯಾಂಕಿನಲ್ಲಿ ಐದರಲ್ಲಿ ಎರಡು ಪಾಲು ಮಾತ್ರ ಡೀಸೆಲ್ ಇರಿಸಿಕೊಂಡು ಊರಂಚಿನ ಏರುರಸ್ತೆಗೆ ಗಾಡಿಯನ್ನು ಒಯ್ದೆವು. ಮೊದಲು ಟ್ಯಾಂಕಿನ ಮುಚ್ಚಳದ ಸರದಿ. ಡೀಸೆಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಲು ಒಂದು ಕಂಡಿ ಇರಬೇಕು. ಅದು ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಎಂಜಿನ್ನು ನಿಲ್ಲುತ್ತದೆ. ಮುಚ್ಚಳವನ್ನು ಸಡಿಲಿಸಿದರೂ ಕೆಮ್ಮು ಹೋಗಲಿಲ್ಲ. ನಿಲ್ಲಿಸುವ ಸೊಲೆನಾಯ್ಡಿನ ತಂತಿ ಸಡಿಲವಾಗಿದ್ದರೆ ದೀಪ ಆರಿದಂತೆ ಎಂಜಿನ್ನು ಒಮ್ಮೆಗೇ ನಿಲ್ಲುತ್ತಿತ್ತು; ಕೆಮ್ಮುತ್ತಿರಲಿಲ್ಲ. ಕಸ ಕಟ್ಟಿದ ಫಿಲ್ಟರು ಟ್ಯಾಂಕಿನ ಮಟ್ಟವನ್ನು ಕೇಳಿಕೊಂಡು ಕೆಲಸ ಕೆಡಿಸುವುದಿಲ್ಲ.

ಬಳಿಕ ಫೀಡ್ ಪಂಪಿಗೆ ಬರುವ ದಾರಿಯಲ್ಲಿ ಡೀಸೆಲಿಗೆ ಕರಗದ ಒಂದು ಗೇಣುದ್ದದ ಪಾರದರ್ಶಕ ಕೊಳವೆಯನ್ನು ಬಿಗಿದೆವು. ಮುಂಭಾಗ ಮೇಲಾಗಿ ಗಾಡಿಯನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ನನ್ನು ಜೋರಾಗಿ ಓಡಿಸಿದಾಗ ಕೊಳವೆಯಲ್ಲಿ ಮಣಿಸರದಂತೆ ಗುಳ್ಳೆಗಳು ಸಾಗಿದವು. ಇನ್ನು ಟ್ಯಾಂಕನ್ನು ಬಿಟ್ಟು ಬೇರೊಂದು ಡಬ್ಬಿಯಿಂದ ಡೀಸೆಲ್ ಕೊಟ್ಟು ನೋಡಬೇಕು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಡಬ್ಬಿಯನ್ನು ಬಾನೆಟ್ಟಿಗೆ ತೂಗುಹಾಕಿದೆ; ಗುಳ್ಳೆಗಳು ನಿಂತವು; ದೋಷ ಹಿಂಭಾಗದಲ್ಲಿದೆಯೆಂದು ಸಂತೋಷಪಟ್ಟೆ. ಆದರೆ ಡಬ್ಬಿ ಪಂಪಿಗಿಂತ ಮೇಲಿದ್ದರೆ ಎಣ್ಣೆ ತನ್ನ ಭಾರದಿಂದಲೇ ಇಳಿದು ಬರುತ್ತದೆ. ಹೀರುವ ಕೆಲಸವೇ ಇಲ್ಲದಾಗ ಫೀಡ್ ಪಂಪಿನ ಬಳಿಯ ರಂಧ್ರ ಕೂಡ ಗಾಳಿಯನ್ನು ಸೆಳೆಯಲಾರದು. ಈ ಪರೀಕ್ಷೆಯಿಂದ ಏನೂ ತೀರ್ಮಾನವಾಗುವುದಿಲ್ಲ! ಡಬ್ಬಿಯನ್ನು ಟ್ಯಾಂಕಿನ ಮಟ್ಟಕ್ಕೆ, ನೆಲದ ಮೇಲಿರಿಸಿ ಮತ್ತೆ ನೋಡಿದೆವು. ಆಗಲೂ ಗುಳ್ಳೆಗಳಿರಲಿಲ್ಲ. ಈಗ ಪಂಪನ್ನು ಧೈರ್ಯವಾಗಿ ಬಿಡುಗಡೆ ಮಾಡಬಹುದಾಗಿತ್ತು.

ಇದನ್ನು ಓದಿ ಸ್ವತಃ ಪರೀಕ್ಷೆಗಿಳಿಯುವ ತರುಣರಿಗೆ ಒಂದು ಎಚ್ಚರಿಕೆ ಹೇಳಬೇಕು. ಕೊಳವೆ ಕಾಣುತ್ತಿರಬೇಕಾದುದು ಪಂಪಿನ ಹೀರುವ ಕಡೆ ಮಾತ್ರ. ನಾಜಲಿನ ಕಡೆಯ ಕೊಳವೆಯ ಬಳಿ, ಎಂಜಿನ್ನು ನಡೆಯುತ್ತಿರುವಾಗ, ಬೆರಳನ್ನು ಒಯ್ಯಕೂಡದು. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನು ಸೂಜಿಯಂತೆ ಭೇದಿಸಿ ಒಳಸೇರುತ್ತದೆ. ಗಾಯ ಚುಕ್ಕೆಯಷ್ಟಿದ್ದರೂ ಕೂಡಲೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕಾಗುತ್ತದೆ.

ಕೊನೆಯ ಪರೀಕ್ಷೆಗೆ ಯಾವ ಉಪಕರಣವೂ ಬೇಕಾಗಲಿಲ್ಲ. ಡಬ್ಬಿಯನ್ನು ತೆಗೆದು ಟ್ಯಾಂಕನ್ನೇ ಮತ್ತೆ ಜೋಡಿಸಿ, ಅದೇ ರಸ್ತೆಯಲ್ಲಿ ಗಾಡಿಯನ್ನು ತಿರುಗಿಸಿ, ಮುಂಭಾಗ ಕೆಳಗಾಗಿ ನಿಲ್ಲಿಸಿದೆವು. ಎಂಜಿನ್ನು ಅದೇ, ಪಂಪು ಅದೇ, ಕೊಳವೆಗಳು ಅವೇ, ಡೀಸೆಲೂ ಅಷ್ಟೇ. ಬದಲಾದುದು ಟ್ಯಾಂಕಿನೊಳಗೆ ಎಣ್ಣೆ ವಾಲಿದ ದಿಕ್ಕು ಮಾತ್ರ. ಗುಳ್ಳೆಗಳ ಸರ ಕಡಿದುಹೋಯಿತು. ಚಾಲಕರು ಬಗ್ಗಿ ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೊಳವೆಯನ್ನು ನೋಡಿದರು.

ಎಳನೀರು ಕುಡಿಯುವ ಕೊಳವೆಯಿಂದ ಇದರ ಅರ್ಥವನ್ನು ನೀವೇ ಕಂಡುಕೊಳ್ಳಬಹುದು. ಕೊಳವೆಯ ನಡುವೆ ಸೂಜಿಯಿಂದ ಒಂದು ತೂತು ಮಾಡಿ ಲೋಟದ ನೀರಿನಲ್ಲಿಟ್ಟು ಹೀರಿರಿ. ತೂತು ನೀರಿನೊಳಗಿರುವವರೆಗೆ ಏನೂ ತಿಳಿಯುವುದಿಲ್ಲ. ಅದರ ಮೂಲಕವೂ ನೀರೇ ಬರುತ್ತದೆ. ನೀರಿನ ಮಟ್ಟ ತೂತಿಗಿಂತ ಕೆಳಗಿಳಿದೊಡನೆ ಗೊರಗೊರ ಸದ್ದಾಗಿ ಗಾಳಿ ಬಾಯಿಗೆ ಬರುತ್ತದೆ. ಟ್ಯಾಂಕಿನೊಳಗೂ ಡೀಸೆಲನ್ನು ಹೀರಿಕೊಳ್ಳಲು ಮೇಲಿನಿಂದ ತಳದವರೆಗೆ ಇಳಿಬಿಟ್ಟ ಉಕ್ಕಿನ ಕೊಳವೆಯೊಂದಿರುತ್ತದೆ.

ಟ್ಯಾಂಕಿನ ಮೇಲಿನ ತಿರುಪುಗಳನ್ನು ಬಿಚ್ಚಿ ಅದನ್ನು ಹೊರತೆಗೆಸಿದೆವು. ಕಣ್ಣಿಗೆ ತುಕ್ಕಿನ ಕಲೆಗಳಷ್ಟೇ ಕಂಡವು. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಊದಿದಾಗ, ಒಂದು ಕಲೆಯ ನಡುವಿನಿಂದ ಗುಳ್ಳೆಗಳೆದ್ದವು. ಸಾಸಿವೆ ಕಾಳಿಗಿಂತ ಚಿಕ್ಕ ರಂಧ್ರ, ತಳದಿಂದ 10 ಸೆಂಟಿಮೀಟರ್ ಎತ್ತರದಲ್ಲಿ. ಅರೆಬರಿದಾದ ಟ್ಯಾಂಕಿನ ಗಾಳಿಯಲ್ಲಿರುವ ತೇವ ಕೊಳವೆಯ ಮೇಲೆ ಹನಿಗಟ್ಟಿ, ವರ್ಷಗಟ್ಟಲೆ ತುಕ್ಕು ತಿಂದುದರ ಫಲವೆಂದು ತೋರುತ್ತದೆ.

ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂದಿತೆಂಬುದನ್ನು ನೋಡಿ. ಟ್ಯಾಂಕಿನ ಆಳ 25 ಸೆಂಟಿಮೀಟರ್. ಕೊಳವೆಯಿದ್ದುದು ಟ್ಯಾಂಕಿನ ನಡುವಿನಿಂದ 30 ಸೆಂಟಿಮೀಟರ್ ಮುಂದೆ. ಅರ್ಧ ತುಂಬಿದ್ದಾಗ ಸಮನೆಲದಲ್ಲಿ ಡೀಸೆಲಿನ ಎತ್ತರ 12.5 ಸೆಂಟಿಮೀಟರ್, ರಂಧ್ರ ಸುರಕ್ಷಿತವಾಗಿ ಮುಳುಗಿದೆ. ನೂರು ಅಡಿಗೆ ಹನ್ನೆರಡು ಅಡಿ ಏರುವ ತಿರುವಿನಲ್ಲಿ ಎಣ್ಣೆ ಹಿಂದಕ್ಕೆ ವಾಲಿ ಕೊಳವೆಯ ಬಳಿ ಮಟ್ಟ 3.6 ಸೆಂಟಿಮೀಟರ್ ಇಳಿಯುತ್ತದೆ, ಉಳಿಯುವುದು 8.9. ರಂಧ್ರ ಬಯಲಾಯಿತು. ಅದೇ ವೇಳೆಯಲ್ಲಿ ಏರಿನ ಭಾರಕ್ಕೆ ಎಂಜಿನ್ನು ಹೆಚ್ಚು ಎಣ್ಣೆ ಕೇಳುತ್ತಿದೆ. ಟ್ಯಾಂಕು ಇನ್ನೂ ಬರಿದಾದಾಗ ಸಮನೆಲದಲ್ಲಿಯೂ ಗಾಳಿ ಬರುತ್ತಿತ್ತು ನಿಜ. ಆದರೆ ಅಲ್ಲಿ ಎಂಜಿನ್ನಿಗೆ ಬೇಕಾದುದು ಸ್ವಲ್ಪ, ಗುಳ್ಳೆಗಳಲ್ಲಿ ಬಹುಪಾಲು ಫಿಲ್ಟರಿನ ಮೇಲಿನ ಮರಳುದಾರಿಯಿಂದ ಟ್ಯಾಂಕಿಗೇ ಹಿಂದಿರುಗುತ್ತಿದ್ದವು. ಒಮ್ಮೊಮ್ಮೆ ಸಣ್ಣ ಜಗ್ಗಿಕೆ ಮಾತ್ರ ಚಾಲಕರ ಅನುಭವಕ್ಕೆ ಬರುತ್ತಿತ್ತು.

ಇಂದಿನ ಹೊಸ ಗಾಡಿಗಳಲ್ಲಿ ಇಂಧನದ ಒತ್ತಡ ಸಾವಿರ ವಾಯುಮಂಡಲಗಳನ್ನು ಮೀರುತ್ತದೆ. ಅದನ್ನಳೆಯುವ ಸಂವೇದಕವೂ, ದೋಷವನ್ನು ಬರೆದಿಡುವ ಕಂಪ್ಯೂಟರೂ ಇರುತ್ತವೆ. ಆದರೆ ಆ ಕಂಪ್ಯೂಟರು ಹೇಳುವುದು ಒತ್ತಡ ಇಳಿಯಿತೆಂದು. ಏಕೆ ಇಳಿಯಿತೆಂಬುದನ್ನು ಅಲ್ಲಿಯೂ ಮನುಷ್ಯನೇ ಹುಡುಕಬೇಕು.

ಹೊಸ ಕೊಳವೆಯೊಂದನ್ನು ಬೆಸೆಸಿ ಹಾಕಿಸಲು ತಗುಲಿದ ವೆಚ್ಚ, ಪಂಪಿಗೆಂದು ಕೇಳಿದ್ದ ಹಣದ ಇಪ್ಪತ್ತರಲ್ಲೊಂದು ಪಾಲೂ ಆಗಲಿಲ್ಲ. ನಾಲ್ಕು ದಿನಗಳ ಬಳಿಕ ಮಧ್ಯಾಹ್ನ ಕೊಟ್ಟಿಗೆಹಾರದಿಂದ ಫೋನು ಬಂದಿತು. ಮೀನು ಹೇರಿಕೊಂಡು ಘಾಟಿ ಹತ್ತಿದ್ದಾಯಿತೆಂದೂ, ಟ್ಯಾಂಕಿನಲ್ಲಿ ಕಾಲುಪಾಲೂ ಇಲ್ಲವೆಂದೂ, ಒಂದು ಸಲವೂ ಕೆಮ್ಮಲಿಲ್ಲವೆಂದೂ ಚಾಲಕರು ಹೇಳಿದರು. ಅಂದು ಸಂಜೆ ಬಂಗುಡೆ ಮೀನಿನ ಪೊಟ್ಟಣದೊಡನೆ ಅವರು ಮನೆಗೆ ಬಂದಾಗ, ನಾವು ಮೀನು ತಿನ್ನುವವರಲ್ಲವೆಂಬುದನ್ನು ಬಹಳ ಸಂಕೋಚದಿಂದ ಹೇಳಬೇಕಾಯಿತು.