ಎಡಗೈಯ ಒಂದು ಸುತ್ತು

ಫುಕುಶಿಮಾದ ಅಜುಮಾ ಕ್ರೀಡಾಂಗಣದಲ್ಲಿ ನಡುಹಗಲ ಬಿಸಿಲು ನೆತ್ತಿ ಸುಡುತ್ತಿದೆ. ಕೊರೊನಾ ಕಾಲವಾದ್ದರಿಂದ ಕುರ್ಚಿಗಳೆಲ್ಲ ಖಾಲಿ. ಹಾಗಾಗಿ ಕ್ಯಾಚರ್‌ನ ಗ್ಲೌಸಿಗೆ ಚೆಂಡು ಬಡಿಯುವ ‘ಠಪ್’ ಸದ್ದು, ಅಂಪೈರ್‌ ಕೂಗು, ಡಗ್‌ಔಟಿನಿಂದ ಹುರಿದುಂಬಿಸುವ ಹುಡುಗಿಯರ ದನಿ ಎಲ್ಲವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಟೋಕಿಯೊ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳು ಶುರುವಾಗುವ ಮೊದಲು ಈ ಆವರಣದಲ್ಲಿ ಕರಡಿಯೊಂದು ಕಾಣಿಸಿಕೊಂಡಿತ್ತಂತೆ. ಟಿಕೆಟ್ ಇಲ್ಲದೆ ಒಳಗೆ ಬಂದ ಪ್ರೇಕ್ಷಕ ಅದೊಂದೇ ಇರಬೇಕು!

ಮಣ್ಣಿನ ವೃತ್ತದೊಳಗೆ ನಿಂತಿರುವಾಕೆ ಅಮೆರಿಕ ತಂಡದ, ಆರಡಿ ಮೀರಿದ ಎತ್ತರದ ಕ್ಯಾಟ್ ಓಸ್ಟರ್‌ಮನ್. ಹಳದಿ ಚೆಂಡಿನ ಕೆಂಪು ಹೊಲಿಗೆಯನ್ನು ಬೆರಳ ತುದಿಯಿಂದ ಸವರಿ ಹಿಡಿತ ಸರಿಮಾಡಿಕೊಳ್ಳುತ್ತಾಳೆ. ಆ ಬೆರಳುಗಳು ಬ್ಯಾಟ್ ಹಿಡಿದವಳಿಗೆ ಕಾಣಬಾರದು, ಅದಕ್ಕೇ ಗ್ಲೌಸಿನ ಮರೆ. ಮೈ ಮುಂದಕ್ಕೆ ಬಾಗುತ್ತದೆ, ಎಡಗೈ ಭುಜದಿಂದ ಪೂರ್ತಿ ಒಂದು ಸುತ್ತು ಹೊಡೆದು ಸೊಂಟದ ಪಕ್ಕಕ್ಕೆ ಇಳಿಯುತ್ತದೆ, ಹಿಂಗಾಲು ಮಣ್ಣಲ್ಲಿ ಗೆರೆ ಎಳೆಯುತ್ತ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಚಟ್ಟನೆ ತಿರುಗುತ್ತದೆ. ಎದುರಿನವಳು 43 ಅಡಿ ದೂರದಲ್ಲಷ್ಟೇ ನಿಂತಿದ್ದಾಳೆ. ಸೊಂಟದೆತ್ತರದಲ್ಲಿ ಬರುತ್ತಿದೆ ಎಂದುಕೊಂಡ ಚೆಂಡು ಮೊಣಕಾಲಿನ ಹತ್ತಿರ ಧೊಪ್ಪನೆ ಇಳಿದುಬಿಡುತ್ತದೆ. ಬ್ಯಾಟ್ ಬರೀ ಗಾಳಿಯನ್ನು ಕಡಿಯುತ್ತದೆ.

ಬಿರುಸಿನ ಎಸೆತಕ್ಕೆ ಹೆಸರಾದವಳು ಇದೇ ತಂಡದ ಮೋನಿಕಾ ಅಬಾಟ್. ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದು ದಾಖಲೆ ಬರೆದವಳು. ಓಸ್ಟರ್‌ಮನ್ ಅಷ್ಟು ಜೋರಿನವಳಲ್ಲ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣಿಗೆ ಈಕೆಯ ಗುಟ್ಟು ಬೇಗ ಸಿಗುತ್ತದೆ: ಚೆಂಡು ನೆಲ ಮುಟ್ಟದೆ ಗಾಳಿಯಲ್ಲೇ ತಿರುಗಬೇಕು, ಅದೂ ಬ್ಯಾಟ್ ಬೀಸಲು ಮನಸ್ಸು ಮಾಡಿದ ಮೇಲೆ. ನನಗಂತೂ ವೇಗಕ್ಕಿಂತ ಈ ಮೋಸವೇ ಹೆಚ್ಚು ಇಷ್ಟ.

ಹ್ಯೂಸ್ಟನ್‌ನಲ್ಲಿ ಹುಟ್ಟಿದ ಹುಡುಗಿ ಆಸ್ಟಿನ್‌ಗೆ ಹೋಗಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸುಟ್ಟ ಕಿತ್ತಳೆ ಬಣ್ಣದ ಅಂಗಿ ತೊಟ್ಟದ್ದು 2002ರಲ್ಲಿ. ಅಲ್ಲಿನ ಮ್ಯಾಕೂಂಬ್ಸ್ ಮೈದಾನದಲ್ಲಿ ಆಕೆ ಎಸೆಯಲು ನಿಂತರೆ ಹಿಂದಿದ್ದ ಫೀಲ್ಡರ್‌ಗಳಿಗೆ ಕೆಲಸವೇ ಕಮ್ಮಿ. ಏಳು ಇನ್ನಿಂಗ್ಸ್‌ಗಳ ಆಟದಲ್ಲಿ ಒಂದು ತಂಡ ಕಳೆದುಕೊಳ್ಳುವುದು 21 ಔಟ್. ಅದರಲ್ಲಿ ಸರಾಸರಿ 14ಕ್ಕೂ ಹೆಚ್ಚು ಮಂದಿಯನ್ನು ಚೆಂಡನ್ನು ಸರಿಯಾಗಿ ಹೊಡೆಯಗೊಡದೆ ಈಕೆಯೊಬ್ಬಳೇ ಮನೆಗೆ ಕಳಿಸುತ್ತಿದ್ದಳು. 2006ರಲ್ಲಿ ಕಾಲೇಜು ಮುಗಿಸುವ ಹೊತ್ತಿಗೆ ಹೀಗೆ ‘ಸ್ಟ್ರೈಕ್‌ಔಟ್’ ಆದವರು 2,265 ಮಂದಿ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರ್ತಿ ಎಂಬ ಗೌರವ ಮೂರು ಸಲ ಬಂದಿತ್ತು. ನಡುವೆ 2004ರಲ್ಲಿ ಕಾಲೇಜಿಗೆ ರಜೆ ಹಾಕಿ ಅಥೆನ್ಸ್‌ಗೆ ಹೋಗಿ ಚಿನ್ನ ತಂದಳು. ಆ ಒಲಿಂಪಿಕ್ಸ್‌ನ ಉದ್ದಕ್ಕೂ ಅಮೆರಿಕದ ಹುಡುಗಿಯರು ಗಳಿಸಿದ್ದು 51 ರನ್, ಬಿಟ್ಟುಕೊಟ್ಟದ್ದು ಒಂದೇ ಒಂದು.

ಬೀಜಿಂಗ್‌ನಲ್ಲಿ ಲೆಕ್ಕ ತಪ್ಪಿತು. 2008ರ ಫೈನಲ್‌ನಲ್ಲಿ ಮೊದಲು ಎಸೆಯಲು ನಿಂತವಳು ಓಸ್ಟರ್‌ಮನ್. ಎದುರಿಗೆ ಜಪಾನಿನ ಯುಕಿಕೊ ಉಎನೊ, ಎರಡು ದಿನದಲ್ಲಿ 413 ಎಸೆತ ಎಸೆದ ಗಟ್ಟಿಗಿತ್ತಿ. ಜಪಾನ್ 3-1ರಿಂದ ಗೆದ್ದಿತು. ಸೇಡು ತೀರಿಸಿಕೊಳ್ಳೋಣವೆಂದರೆ ಒಲಿಂಪಿಕ್ಸ್‌ನಿಂದ ಆಟವನ್ನೇ ಕಿತ್ತುಹಾಕಿದ್ದರು. ಓಟಗಾರರಿಗೂ ಈಜುಗಾರರಿಗೂ ಇಂಥ ಪಾಡು ಬರುವುದಿಲ್ಲ ನೋಡಿ. 2015ರಲ್ಲಿ ಆಕೆ ನಿವೃತ್ತಿಯಾಗಿ ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಎಸೆಯುವುದನ್ನು ಹೇಳಿಕೊಡುತ್ತಿದ್ದಳು. ಟೋಕಿಯೊದಲ್ಲಿ ಆಟ ಮರಳಿ ಬರುತ್ತದೆಂದು ಗೊತ್ತಾದ ಮೇಲೆ 2018ರಲ್ಲಿ ಮತ್ತೆ ಚೆಂಡು ಹಿಡಿದಳು.

ಹಾಗೆ ಬಂದು ನಿಂತದ್ದೇ 2021ರ ಜುಲೈ 21ರಂದು, ಫುಕುಶಿಮಾದ ಈ ಮಣ್ಣಿನಲ್ಲಿ. ವಯಸ್ಸು 38. ಇಟಲಿಯ ಎದುರು ಆರು ಇನ್ನಿಂಗ್ಸ್, ಒಂದೇ ಹಿಟ್, ಒಂಬತ್ತು ಸ್ಟ್ರೈಕ್‌ಔಟ್. ಕೊನೆಯ ಇನ್ನಿಂಗ್ಸ್ ಅಬಾಟ್ ಮುಗಿಸಿದಳು, 2-0. ಆರು ದಿನ ಕಳೆದು ಯೊಕೊಹಾಮಾದ ಫೈನಲ್‌ನಲ್ಲೂ ಮೊದಲು ಎಸೆಯುವ ಸರದಿ ಓಸ್ಟರ್‌ಮನ್‌ಳದೇ, ಎದುರಿಗೆ ಮತ್ತದೇ ಉಎನೊ. ಹದಿಮೂರು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಇನ್ನೊಂದು ಬೆಳ್ಳಿ. ಅದೇ ವರ್ಷ ಆಟಕ್ಕೆ ವಿದಾಯ ಹೇಳಿದಳು.

ಪ್ಯಾರಿಸ್ ಒಲಿಂಪಿಕ್ಸ್ ಈ ಆಟವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2028ಕ್ಕೆ ಮತ್ತೆ ಬರುತ್ತಿದೆ. ಲಾಸ್ ಏಂಜಲೀಸ್‌ನ ಆ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳನ್ನು ಆಡಿಸುವುದು ಒಕ್ಲಹೋಮಾ ಸಿಟಿಯಲ್ಲಿ, ಕಾಲೇಜು ದಿನಗಳಲ್ಲಿ ಓಸ್ಟರ್‌ಮನ್ ಮೂರು ಸಲ ರಾಷ್ಟ್ರೀಯ ಕಿರೀಟಕ್ಕಾಗಿ ಹೋಗಿ ಸೆಣಸಿದ ಮೈದಾನದಲ್ಲೇ.