ಕಬಡ್ಡಿಗೆ ಕೋಟಿ, ಅಂಗಡಿಯವರಿಗೆ ರಶೀದಿ!

ಮಳೆ ನಿಂತು ದೀಪಾವಳಿ ಕಳೆಯಿತೆಂದರೆ ಪುತ್ತೂರು, ಸುಳ್ಯ, ಕಡಬ ಪೇಟೆಯ ಅಂಗಡಿಗಳಿಗೆ ಹೊಸದೊಂದು ಗಿರಾಕಿ ಬರಲಿಕ್ಕೆ ಶುರು. ಈ ಗಿರಾಕಿ ಸಾಮಾನು ಕೇಳುವುದಿಲ್ಲ. ನಾಲ್ಕೈದು ಹುಡುಗರು ಒಟ್ಟಿಗೆ ಬರುತ್ತಾರೆ. ಒಬ್ಬನ ಕೈಯಲ್ಲಿ ರಶೀದಿ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ಆಮಂತ್ರಣ ಪತ್ರಿಕೆಯ ಕಟ್ಟು. "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಉಂಟು ಅಣ್ಣ, ಮ್ಯಾಟ್ ಅಂಕಣ. ನಿಮ್ಮದೊಂದು ಸಹಕಾರ ಬೇಕು." ಅಂಗಡಿಯವರು ಒಮ್ಮೆ ಗಲ್ಲಾಪೆಟ್ಟಿಗೆ ನೋಡುತ್ತಾರೆ, ಒಮ್ಮೆ ಹುಡುಗರ ಮುಖ ನೋಡುತ್ತಾರೆ. ಎಲ್ಲ ಗುರ್ತದವರ ಮಕ್ಕಳೇ. ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಐನೂರೋ ಸಾವಿರವೋ ಹೋಯಿತು.

ಬಸ್ಸಿನಲ್ಲಿ ಓಡಾಡುವವರಿಗೆ ಇದರ ಇನ್ನೊಂದು ಮುಖ ಕಾಣುತ್ತದೆ. ಕುಂಬ್ರ, ಕಾವು ದಾಟಿ ಸುಳ್ಯಕ್ಕೆ ಹೋಗಿ, ಸವಣೂರು, ಕಾಣಿಯೂರು ದಾಟಿ ಸುಬ್ರಹ್ಮಣ್ಯಕ್ಕೆ ಹೋಗಿ, ಸೀಸನ್ನಿನಲ್ಲಿ ಸ್ಟಾಪಿಗೊಂದು ಬ್ಯಾನರ್. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯ ಸರಕಾರ 2016ರಲ್ಲೇ ನಿಷೇಧ ಹಾಕಿದೆ, ಆ ಮಾತು ಬೇರೆ. ಬ್ಯಾನರಿನ ನಡುವೆ ಅತಿಥಿಗಳ ನಗುಮುಖ. ಕೆಳಗೆ ಬಹುಮಾನದ ಮೊತ್ತ. ಅದಕ್ಕೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ದುಡ್ಡು ಕೊಟ್ಟ ಅಂಗಡಿಗಳ ಹೆಸರು. ಓಡುವ ಬಸ್ಸಿನಿಂದ ಅದನ್ನು ಓದಿದವರು ಇದ್ದರೆ ಅವರ ಕಣ್ಣಿಗೆ ದೃಷ್ಟಿ ತೆಗೆಯಬೇಕು!

ಮಾರಾಯ್ರೆ, ಪೇಟೆಯ ಭಾಷೆಯಲ್ಲಿ ಇದಕ್ಕೆ ಹೆಸರು 'ಸಹಕಾರ'. ಮುಂಬಯಿಯ ಭಾಷೆಯಲ್ಲಿ ಇದಕ್ಕೇ 'ಸ್ಪಾನ್ಸರ್‌ಶಿಪ್'. ಕೆಲಸ ಒಂದೇ, ಲೆಕ್ಕ ಮಾತ್ರ ಬೇರೆ.

ಕೋಣಕ್ಕೆ ಬೆಲೆ, ಮನುಷ್ಯನಿಗೆ ಬೆಲೆ

ಪುತ್ತೂರಿನ ಕೋಟಿ-ಚೆನ್ನಯ ಕಂಬಳ, ಉಪ್ಪಿನಂಗಡಿಯ ವಿಜಯ-ವಿಕ್ರಮ ಕಂಬಳ ನೋಡಿ ಬೆಳೆದ ನಮಗೆ ಓಟದ ಕೋಣಕ್ಕೆ ದೊಡ್ಡ ಬೆಲೆ ಕಟ್ಟುವುದು ಹೊಸತಲ್ಲ. ಗೆದ್ದರೆ ಯಜಮಾನರಿಗೆ ಪವನ್ ಲೆಕ್ಕದ ಚಿನ್ನ. ಆದರೆ ಕೋಣ ಸಾಕುವ ಖರ್ಚಿನ ಮುಂದೆ ಆ ಚಿನ್ನ ಯಾವ ಲೆಕ್ಕ? ಅಲ್ಲಿ ಯಜಮಾನರು ಕೊಂಡುಕೊಳ್ಳುವುದು ಮರ್ಯಾದೆಯನ್ನು.

ಮನುಷ್ಯರನ್ನೇ ಹರಾಜಿಗಿಟ್ಟು ಬೆಲೆ ಕೂಗುವುದು ಕಬಡ್ಡಿಗೆ ಬಂದದ್ದು 2014ರಲ್ಲಿ, ಪ್ರೊ ಕಬಡ್ಡಿ ಲೀಗ್ ಶುರುವಾದಾಗ. ಆ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್ ಅವರಿಗೆ, 12 ಲಕ್ಷ 80 ಸಾವಿರ ರೂಪಾಯಿ. ಆಗ ಅದೇ ದೊಡ್ಡ ಸುದ್ದಿ. 2018ರಲ್ಲಿ ಮೋನು ಗೋಯತ್ ಅವರಿಗೆ ಹರಿಯಾಣ ಸ್ಟೀಲರ್ಸ್ 1 ಕೋಟಿ 51 ಲಕ್ಷ ಕೊಟ್ಟಿತು. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷಕ್ಕೂ ಮೇಲೆ ಕೊಟ್ಟಿತು. ಒಂಬತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು! ಅಡಿಕೆಗೆ ಹೀಗೆ ಬೆಲೆ ಏರಿದ್ದರೆ ನಮ್ಮ ಮೂರು ತಾಲೂಕಿನವರು ಈಗ ಎಲ್ಲಿ ಇರುತ್ತಿದ್ದರೋ.

ನಮ್ಮ ಊರಿಗೂ ಈ ಹರಾಜಿನ ಬಿಸಿ ಮುಟ್ಟಿದೆ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನು 2018ರಲ್ಲಿ ಯು.ಪಿ. ಯೋಧಾ ತಂಡ 79 ಲಕ್ಷಕ್ಕೆ ತೆಗೆದುಕೊಂಡಿತು. 2019ರಲ್ಲಿ ಹರಿಯಾಣದವರು 77 ಲಕ್ಷಕ್ಕೆ ಕೂಗಿದರು. 2021ರಲ್ಲಿ ಪಟ್ನಾ ಪೈರೇಟ್ಸ್ 55 ಲಕ್ಷಕ್ಕೆ ತೆಗೆದುಕೊಂಡು ನಾಯಕನನ್ನೂ ಮಾಡಿತು. 2022ರ ಫೆಬ್ರುವರಿ 25ರಂದು ಬೆಂಗಳೂರಿನಲ್ಲಿ ಫೈನಲ್. ಪಟ್ನಾ ಸೋತದ್ದು 36-37ರಲ್ಲಿ, ಒಂದೇ ಒಂದು ಅಂಕದಿಂದ. ಗೆದ್ದ ದೆಹಲಿಗೆ 3 ಕೋಟಿ, ಸೋತ ಪಟ್ನಾಕ್ಕೆ 1 ಕೋಟಿ 80 ಲಕ್ಷ. ಒಂದು ಅಂಕದ ಬೆಲೆ 1 ಕೋಟಿ 20 ಲಕ್ಷ ಅಂತ ಆಯಿತಲ್ಲ!

79, 77, 55. ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ನಾಯಕತ್ವ ಸಿಕ್ಕಿದ ವರ್ಷವೇ ಬೆಲೆ ಎಲ್ಲಕ್ಕಿಂತ ಕಡಿಮೆ. ಹರಾಜಿನಲ್ಲಿ ಅನುಭವಕ್ಕೆ ಬಡ್ಡಿ ಸಿಗುವುದಿಲ್ಲ. ಆಟಗಾರನ ಸಂಪಾದನೆಯ ಕಾಲ ಕೆಲವೇ ವರ್ಷ. ಅಷ್ಟರೊಳಗೆ ಮೊಣಕಾಲು ಹೋದರೆ ಎಲ್ಲವೂ ಹೋಯಿತು.

ಈ ದುಡ್ಡು ಬರುವುದೆಲ್ಲಿಂದ?

ಗೇಟಿನ ಟಿಕೇಟಿನಿಂದ ಇಷ್ಟು ದುಡ್ಡು ಹುಟ್ಟುವುದಿಲ್ಲ. ಇದು ಟಿ.ವಿ.ಯ ದುಡ್ಡು. ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್ ಕಂಪೆನಿಯಲ್ಲಿ ಸ್ಟಾರ್ ಟಿ.ವಿ.ಯವರು 2015ರಲ್ಲಿ ಶೇಕಡಾ 74 ಪಾಲು ಕೊಂಡರು. ಅಂದರೆ ಆಟ ತೋರಿಸುವವರೇ ಆಟದ ಯಜಮಾನರೂ ಆದರು. 2017ರಲ್ಲಿ ಲೀಗಿನ ಹೆಸರಿನ ಮುಂದೆ ತನ್ನ ಹೆಸರು ಹಾಕಿಸಿಕೊಳ್ಳಲು ವಿವೋ ಮೊಬೈಲ್ ಕಂಪೆನಿ ಐದು ವರ್ಷಕ್ಕೆ 300 ಕೋಟಿ ಒಪ್ಪಿಕೊಂಡಿತು. ವರ್ಷಕ್ಕೆ 60 ಕೋಟಿ. ನಾಲ್ಕಕ್ಷರದ ಇಂಗ್ಲಿಷ್ ಹೆಸರು, ಅಕ್ಷರಕ್ಕೆ 15 ಕೋಟಿ ಬಿತ್ತು!

ಅವರೇನು ಧರ್ಮಕ್ಕೆ ಕೊಟ್ಟದ್ದಲ್ಲ. ಸಂಜೆ ಮನೆಮಂದಿ ಟಿ.ವಿ. ಮುಂದೆ ಕೂತ ಒಂದು ಗಂಟೆಯನ್ನು ಕೊಂಡುಕೊಂಡದ್ದು. ಕಬಡ್ಡಿ ನೋಡುವ ಹಳ್ಳಿಯವನಿಗೂ ಮೊಬೈಲ್ ಬೇಕು ಎಂಬುದು ಅವರಿಗೆ ಗೊತ್ತು. ಹೆಸರು ಎಷ್ಟು ಸಲ ಕಾಣಬೇಕು, ಅಂಗಿಯ ಎದೆಯ ಮೇಲೋ ತೋಳಿನ ಮೇಲೋ, ಮ್ಯಾಟಿನ ಯಾವ ಮೂಲೆಯಲ್ಲಿ, ಎಲ್ಲವೂ ಕರಾರಿನಲ್ಲಿ ಬರೆದಿರುತ್ತದೆ. ತಂಡದವರ ಕೈಗೂ ಕಡಿವಾಣ ಉಂಟು. 2023ರ ಹರಾಜಿಗೆ ಒಂದೊಂದು ತಂಡಕ್ಕೆ ಆಟಗಾರರಿಗಾಗಿ ಇದ್ದ ಮಿತಿ 5 ಕೋಟಿ.

ಇದನ್ನೆಲ್ಲ ಟಿ.ವಿ.ಯಲ್ಲಿ ನೋಡಿದ ನಮ್ಮ ಹುಡುಗರೂ ಕಲಿತರು. ಈಗ ಊರಿನ ಹೆಸರಿನ ಪಕ್ಕದಲ್ಲಿ 'ಪ್ರೀಮಿಯರ್ ಲೀಗ್' ಅಂತ ಸೇರಿಸಿ ಕ್ರಿಕೆಟ್ಟಿಗೂ ಕಬಡ್ಡಿಗೂ ಹರಾಜು ಮಾಡುತ್ತಾರೆ. ತಂಡಕ್ಕೊಬ್ಬ ಮಾಲಕ, ಬಣ್ಣದ ಜರ್ಸಿ, ಮೈಕಿನಲ್ಲಿ ವೀಕ್ಷಕ ವಿವರಣೆ. ಎಲ್ಲ ಬಂತು. ಕರಾರು ಮತ್ತು ಲೆಕ್ಕಪತ್ರ ಮಾತ್ರ ಬರಲಿಲ್ಲ.

ದೊಡ್ಡವರ ಬಾಕಿ

ಹಾಗಂತ ದೊಡ್ಡವರ ವ್ಯವಹಾರ ಎಲ್ಲ ಚೊಕ್ಕ ಅಂತ ತಿಳಿಯಬೇಡಿ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ 2019ರಿಂದ 2023ರವರೆಗೆ ಬೈಜೂಸ್ ಎಂಬ ಪಾಠ ಹೇಳುವ ಕಂಪೆನಿಯ ಹೆಸರಿತ್ತು. ಕೊನೆಗೆ 158 ಕೋಟಿಗೂ ಮಿಕ್ಕಿ ಬಾಕಿ ಉಂಟೆಂದು ಕ್ರಿಕೆಟ್ ಮಂಡಳಿ ನ್ಯಾಯಮಂಡಳಿಗೆ ಹೋಯಿತು. 2024ರ ಜುಲೈಯಲ್ಲಿ ಆ ಕಂಪೆನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಆಮೇಲೆ ಅಂಗಿಗೆ ಬಂದದ್ದು ಡ್ರೀಮ್ ಇಲೆವೆನ್, ಮೂರು ವರ್ಷಕ್ಕೆ 358 ಕೋಟಿ. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕೇಂದ್ರ ಸರಕಾರ ನಿಷೇಧ ತಂದ ಕೂಡಲೇ ಅವರೂ ನಡುವಿನಲ್ಲೇ ಬಿಟ್ಟರು. ಮರುತಿಂಗಳ ಏಷ್ಯಾ ಕಪ್ಪಿನಲ್ಲಿ ನಮ್ಮವರು ಎದೆಯ ಮೇಲೆ ಕಂಪೆನಿ ಹೆಸರಿಲ್ಲದೆ ಆಡಿದರು.

ಪುತ್ತೂರಿನ ಜವಳಿ ಅಂಗಡಿ, ಕಡಬದ ಬೇಕರಿ, ಸುಳ್ಯದ ಹಾರ್ಡ್‌ವೇರ್ ಅಂಗಡಿ ಕೊಡುವ ಸಾವಿರ ರೂಪಾಯಿಗೆ ಇಂಥ ರಗಳೆ ಇಲ್ಲ. ಕೈಗೆ ನಗದು, ಅಲ್ಲೇ ರಶೀದಿ. ದೇಶದಲ್ಲಿ ಇಷ್ಟು ನಂಬಿಗಸ್ಥ ಸ್ಪಾನ್ಸರ್ ಇನ್ನೊಬ್ಬ ಇಲ್ಲ ಅಂದರೆ ಅತಿಶಯೋಕ್ತಿಯಾಗದು. ಪ್ರೊ ಕಬಡ್ಡಿಯ ಹರಾಜಿಗೆ ಹೋಗುವ ಹುಡುಗ ಆಕಾಶದಿಂದ ಉದುರಿದವನಲ್ಲ. ಶಾಲೆಯ ಅಂಗಳದಲ್ಲಿ, ಗದ್ದೆಯ ಪಂದ್ಯಾಟದಲ್ಲಿ ಹತ್ತು ವರ್ಷ ಬಿದ್ದು ಎದ್ದು ಬೆಳೆದವನು. ಆ ಹತ್ತು ವರ್ಷದ ಖರ್ಚು ಹೋದದ್ದು ಮನೆಯವರ ಜೇಬಿನಿಂದ, ದೈಹಿಕ ಶಿಕ್ಷಕರ ಜೇಬಿನಿಂದ, ಮತ್ತೆ ಈ ರಶೀದಿ ಪುಸ್ತಕದಿಂದ. ಬೆಳೆ ತೆಗೆದವರು ಇಲ್ಲಿ, ಕೊಯ್ದುಕೊಂಡು ಹೋದವರು ಅಲ್ಲಿ.

ಮೂರು ಮಾತು

ಸಂಘದವರ ಮೇಲೆ ಅಪನಂಬಿಕೆ ಇಟ್ಟು ಹೇಳುವ ಮಾತಲ್ಲ ಇದು. ರಾತ್ರಿಯಿಡೀ ನಿಂತು ಪಂದ್ಯಾಟ ನಡೆಸುವ ಹುಡುಗರ ಕಷ್ಟ ಎಲ್ಲರಿಗೂ ಗೊತ್ತು. ಮ್ಯಾಟಿಗೆ ಬಾಡಿಗೆ, ಲೈಟಿಗೆ ಬಾಡಿಗೆ, ಶಾಮಿಯಾನ, ತೀರ್ಪುಗಾರರು, ಊಟ, ಬಹುಮಾನ. ಕೊನೆಗೆ ಕೈಯಿಂದ ಹಾಕಿದವರೂ ಇದ್ದಾರೆ. ಅದಕ್ಕೇ ಲೆಕ್ಕ ಬೇಕು.

ಒಂದು, ಪಂದ್ಯಾಟ ಮುಗಿದ ವಾರದೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟ ಅಂಗಡಿಗಳಿಗೆಲ್ಲ ತಲುಪಿಸಿ. ಲೆಕ್ಕ ಕೊಟ್ಟ ಸಂಘಕ್ಕೆ ಮುಂದಿನ ವರ್ಷ ಇಲ್ಲ ಅನ್ನಲಿಕ್ಕೆ ಯಾರಿಗೂ ಮನಸ್ಸು ಬರಲಿಕ್ಕಿಲ್ಲ.

ಎರಡು, ರಶೀದಿಯಲ್ಲಿ ಏನು ಬರೆಯುತ್ತೀರಿ ಎಂಬುದನ್ನು ಅಂಗಡಿಯವರು ನೋಡಿಕೊಳ್ಳಿ. 'ದೇಣಿಗೆ' ಬೇರೆ, 'ಜಾಹೀರಾತು' ಬೇರೆ. ವ್ಯಾಪಾರದ ಜಾಹೀರಾತಿಗೆ ನಿಜವಾಗಿ ಮಾಡಿದ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ತೋರಿಸಬಹುದು. ಬರೇ ಚಂದಾ ಕೊಟ್ಟರೆ ಹಾಗಲ್ಲ. ನಿಮ್ಮ ಲೆಕ್ಕ ಬರೆಯುವವರಲ್ಲಿ ಒಮ್ಮೆ ಕೇಳಿ. ಜಾಹೀರಾತು ಅಂತ ಕೊಟ್ಟ ಮೇಲೆ ಹೆಸರು ಓದಲಿಕ್ಕೆ ಆಗುವ ಹಾಗೆ ಇರಲಿ, ಮೈಕಿನಲ್ಲಿ ಎರಡು ಸಲ ಕೂಗಲಿ ಅಂತ ಕೇಳುವ ಹಕ್ಕು ನಿಮಗೆ ಉಂಟು.

ಮೂರನೆಯದೇ ದೊಡ್ಡ ಮಾತು. ಬಹುಮಾನದಿಂದ ಒಂದು ಪಾಲು ಕಡಿಮೆ ಮಾಡಿ, ಆಡುವ ಹುಡುಗರಿಗೆ ಅಪಘಾತ ವಿಮೆ ಮಾಡಿಸಿ. ಅಂಕಣದ ಪಕ್ಕದಲ್ಲಿ ಪ್ರಥಮ ಚಿಕಿತ್ಸೆ ಗೊತ್ತಿದ್ದವರೊಬ್ಬರು, ಒಂದು ವಾಹನ ಇರಲಿ. ಕೋಟಿಯ ಆಟಗಾರನ ಮೊಣಕಾಲು ನೋಡಲಿಕ್ಕೆ ತಂಡದ ಜೊತೆಯಲ್ಲೇ ಚಿಕಿತ್ಸಕರು ಇರುತ್ತಾರೆ. ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋಗುವ, ರಿಕ್ಷಾ ಓಡಿಸುವ ಹುಡುಗ ರಾತ್ರಿ ಅಂಕಣದಲ್ಲಿ ಕಾಲು ಮುರಿದುಕೊಂಡರೆ ಮರುದಿನ ಮನೆಗೆ ಅಕ್ಕಿ ತರುವವರು ಯಾರು? ಅವನಿಗಾಗಿ ಮತ್ತೊಂದು ರಶೀದಿ ಪುಸ್ತಕ ಅಚ್ಚು ಹಾಕಿಸಬೇಕಷ್ಟೆ.

ದೊಡ್ಡ ಕಂಪೆನಿಗಳಿಗೂ ಒಂದು ದಾರಿ ಉಂಟು. 2013ರ ಕಂಪೆನಿ ಕಾಯಿದೆಯ ಪ್ರಕಾರ ದೊಡ್ಡ ಲಾಭದ ಕಂಪೆನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು. ಗ್ರಾಮೀಣ ಕ್ರೀಡೆಯ ತರಬೇತಿ ಆ ಪಟ್ಟಿಯಲ್ಲೇ ಉಂಟು. ಆದರೆ ಕಂಪೆನಿಯವರ ಮುಂದೆ ನಿಂತು ಕೇಳಬೇಕಾದರೆ ಸಂಘ ನೋಂದಣಿಯಾಗಿರಬೇಕು, ಮೂರು ವರ್ಷದ ಲೆಕ್ಕ ತಪಾಸಣೆಯಾಗಿ ಕೈಯಲ್ಲಿರಬೇಕು. ತಿರುಗಿ ಬಂತು ನೋಡಿ, ಅದೇ ಲೆಕ್ಕದ ಮಾತು.

ಈ ಮೂರು ತಾಲೂಕುಗಳ ಕಬಡ್ಡಿ ಸಂಘಗಳು ಒಟ್ಟಿಗೆ ಕೂತರೆ ವಿಮೆಯ ಕೆಲಸ ಒಂದು ಸಂಜೆಯ ಮಾತುಕತೆಯಲ್ಲಿ ಆಗುವಂಥದ್ದು. ಈ ಸೀಸನ್ನಿನ ಮೊದಲ ಸೀಟಿ ಊದುವ ಮುಂಚೆ ಅದಾಗಲಿ. ಸಂಬಂಧಪಟ್ಟವರು ಗಮನಿಸಲಿ.