ಲೆಕ್ಕಕ್ಕೆ ಸಿಗದ ಕೊಡುಗೆ

ಸೆಪ್ಟೆಂಬರ್ 8 ಮೇರಿ ಮಾತೆ ಹುಟ್ಟಿದ ದಿನ. ಬೈಂದೂರು, ಕುಂದಾಪುರ ಸೀಮೆಯ ಕೊಂಕಣಿ ಕ್ಯಾಥೋಲಿಕರಿಗೆ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ. ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯಲ್ಲಿ ಧರ್ಮಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿ ಕೂಡಿ ಸೇವಿಸುತ್ತಾರೆ. ಉತ್ತು ನಾಟಿ ಮಾಡಿದವರು ಮನುಷ್ಯರೇ. ಆದರೂ ತಾವೇ ಬೆಳೆದದ್ದನ್ನು ಕೈಯೊಡ್ಡಿ ಪಡೆಯುತ್ತಾರೆ. ಗದ್ದೆಯೇ ಇಲ್ಲದವರ ಮನೆಗೂ ಅದೇ ತೆನೆ ಹೋಗುತ್ತದೆ. ದುಡಿಮೆಗೆ ತಕ್ಕ ಕೂಲಿಯಾಗಿದ್ದರೆ ಹೀಗೆ ಹಂಚಲು ಬರುತ್ತಿರಲಿಲ್ಲ. ಪಕ್ಕದ ಮನೆಯ ‘ಹೊಸ್ತು’ (ಹೊಸ ಅಕ್ಕಿಯ ಊಟ) ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಶೀರ್ವಾದ ದೇವರ ಕೊಡುಗೆ ಎಂದರೆ ಎಲ್ಲರೂ ಒಪ್ಪುತ್ತಾರೆ. ಪಾವಿತ್ರ್ಯವೂ ಕೊಡುಗೆಯೇ ಎಂದರೆ ಹುಬ್ಬೇರಿಸುತ್ತಾರೆ. ಸಂತ ಪದವಿ ತಪಸ್ಸಿನ ಸಂಪಾದನೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿ. 1651ರಲ್ಲಿ ಗೋವಾದಲ್ಲಿ ಹುಟ್ಟಿದ ಧರ್ಮಗುರು ಜೋಸೆಫ್ ವಾಸ್ 1681ರಿಂದ ಮೂರು ವರ್ಷ ಕೆನರಾದಲ್ಲಿ ಸೇವೆ ಮಾಡಿದರು. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯಲ್ಲಿ ಪ್ರಾರ್ಥಿಸುವಾಗ ಅವರು ನೆಲದಿಂದ ಮೇಲೆದ್ದಿದ್ದರೆಂದು ಜನ ಈಗಲೂ ಹೇಳುತ್ತಾರೆ. ಆದರೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ವಾಸ್‌ರನ್ನು ಸಂತರೆಂದು ಸಾರಿದಾಗ, ವಾಡಿಕೆಯಂತೆ ಬೇಕಿದ್ದ ಎರಡನೆಯ ಪವಾಡವನ್ನು ಕೇಳಲೇ ಇಲ್ಲ. ಪವಾಡ ಸಾಕ್ಷಿಯಷ್ಟೇ. ದೇವರು ಆಗಲೇ ಕೊಟ್ಟಿರುವ ಪಾವಿತ್ರ್ಯವನ್ನು ಧರ್ಮಸಭೆ ಗುರುತಿಸುತ್ತದೆಯೇ ಹೊರತು ತಾನಾಗಿ ದಯಪಾಲಿಸುವುದಿಲ್ಲ.

ಎಲ್ಲವೂ ಪುಕ್ಕಟೆಯಾದರೆ ಒಳ್ಳೆಯವರಾಗಿ ಬಾಳಲು ಯಾರು ಕಷ್ಟಪಡುತ್ತಾರೆ? ಈ ಪ್ರಶ್ನೆ ನ್ಯಾಯವಾದದ್ದೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೇಷಿತ ಪೌಲನು ಅವರನ್ನು ಕ್ರಿಸ್ತನಲ್ಲಿ ಪಾವನರಾದವರೆಂದು ಕರೆದು, ಆಮೇಲೆ ಅವರ ಗುಂಪುಗಾರಿಕೆಯನ್ನೂ ಕೋರ್ಟು ಜಗಳಗಳನ್ನೂ ಝಾಡಿಸುತ್ತಾನೆ. ಕೊಡುಗೆ ಮೊದಲು, ನಡತೆ ಆಮೇಲೆ; ಪಡೆದವರ ಮೇಲೆ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ. ಮುಂದೆ ಶ್ರೀಲಂಕಾಕ್ಕೆ ಹೋದ ವಾಸ್, 1697ರಲ್ಲಿ ಅಲ್ಲಿನ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತದ್ದನ್ನು ಈ ಹೊಣೆಯ ಬೆಳಕಿನಲ್ಲಿ ಓದಬೇಕು.

ಇನ್ನೊಂದು ಆಕ್ಷೇಪ ಬದುಕಿನಿಂದಲೇ ಏಳುತ್ತದೆ: ನೆರೆಯಲ್ಲಿ ಬೆಳೆ ಕಳೆದುಕೊಂಡವರಿಗೆ ಆಶೀರ್ವಾದ ಇಲ್ಲವೇ? ಆಶೀರ್ವಾದವೆಂದರೆ ಆರೋಗ್ಯ, ಐಶ್ವರ್ಯ ಎಂದುಕೊಂಡರೆ ಉತ್ತರವಿಲ್ಲ. ಬೇಹುಗಾರನೆಂಬ ಅನುಮಾನಕ್ಕೆ ಕ್ಯಾಂಡಿಯಲ್ಲಿ ಸೆರೆಯಾಗಿ, 1711ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ ವಾಸ್ ಆ ಅಳತೆಯಲ್ಲಿ ಶಾಪಗ್ರಸ್ತರೇ ಆಗಬೇಕಿತ್ತು. ಕಾಣಿಕೆ ಇಷ್ಟಾದರೆ ಅನುಗ್ರಹ ಇಷ್ಟು ಎಂದು ಬೋಧಿಸುವವರು ಇಂದು ಟಿವಿಯಲ್ಲೂ ಇದ್ದಾರೆ. ಅದು ಬರೀ ವ್ಯಾಪಾರ. ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದ ಸಿಮೋನನನ್ನು ಪೇತ್ರ ಗದರಿಸಿದ್ದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕದ ಎಂಟನೆಯ ಅಧ್ಯಾಯದಲ್ಲಿದೆ.